ಅಮೆರಿಕದ ಕಾಲೇಜ್ ಫುಟ್‌ಬಾಲ್ ಸ್ಟೇಡಿಯಂ ನೋಡಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಕೊನೆ ಬಂತು ಅಂದರೆ ಸಾಕು, ಇಲ್ಲಿನ ಕನ್ನಡ ಗೆಳೆಯರಿಂದ ಫೋನ್ ಮೇಲೆ ಫೋನ್. ಯಾವ ಸ್ಟೇಡಿಯಂ ಚೆನ್ನಾಗಿದೆ, ಟಿಕೆಟ್ ಎಲ್ಲಿ ಸಿಗುತ್ತೆ, ಮಕ್ಕಳನ್ನು ಕರ್ಕೊಂಡು ಹೋಗಬಹುದಾ, ಊಟಕ್ಕೇನು ಮಾಡೋದು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಫುಟ್‌ಬಾಲ್ ಅಂದರೆ ಇಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಇದು ನನ್ನ ಇಷ್ಟದ ಸ್ಟೇಡಿಯಂಗಳ ಮಾತು, ನಿಮ್ಮ ಇಷ್ಟ ಬೇರೆ ಇರಬಹುದು. ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಆಟ ಮೂರೂವರೆ ಗಂಟೆಯದು, ಆದರೆ ನೀವು ನೋಡಬೇಕಾದ್ದು ಆ ಊರಿನ ಇಡೀ ಶನಿವಾರವನ್ನು. ಬೆಳಗ್ಗೆಯೇ ಹೋಗಿ.

ಕಾಲೇಜ್ ಹುಡುಗರ ಆಟಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ವೃತ್ತಿಪರರ ಲೀಗ್ ಎನ್‌ಎಫ್‌ಎಲ್ ಇದೆಯಲ್ಲ?

ಅಮೆರಿಕದಲ್ಲಿ ಲಕ್ಷಕ್ಕಿಂತ ಜಾಸ್ತಿ ಜನ ಕೂರುವ ಎಂಟು ಸ್ಟೇಡಿಯಂಗಳಿವೆ. ಎಂಟೂ ಕಾಲೇಜುಗಳವೇ. ಮಿಶಿಗನ್, ಪೆನ್ ಸ್ಟೇಟ್, ಓಹಾಯೋ ಸ್ಟೇಟ್, ಟೆಕ್ಸಸ್ ಎ ಅಂಡ್ ಎಂ, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ), ಟೆನೆಸಿ, ಟೆಕ್ಸಸ್, ಅಲಬಾಮಾ. ಒಂದೂ ಎನ್‌ಎಫ್‌ಎಲ್ ತಂಡದ್ದಲ್ಲ. ಇವುಗಳಲ್ಲಿ ಕೆಲವು ಇರುವ ಊರುಗಳನ್ನು ನೋಡಿದರೆ ಇನ್ನೂ ಆಶ್ಚರ್ಯ. ಪೆನ್ ಸ್ಟೇಟ್ ಇರುವುದು ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವಿನ ಸಣ್ಣ ಊರಲ್ಲಿ. ಆಟದ ದಿನ ಸ್ಟೇಡಿಯಂ ಒಳಗಿನ ಜನ ಆ ಊರಿನ ಜನಸಂಖ್ಯೆಯ ಎರಡು ಪಟ್ಟಿಗೂ ಜಾಸ್ತಿ.

ಎನ್‌ಎಫ್‌ಎಲ್ ತಂಡ ಊರು ಬಿಟ್ಟು ಹೋಗಬಹುದು. ಎಷ್ಟೋ ತಂಡಗಳು ಹೋಗಿವೆ. ಕಾಲೇಜ್ ಎಲ್ಲಿಗೂ ಹೋಗೋದಿಲ್ಲ. ಅಜ್ಜ ಓದಿದ ಕಾಲೇಜು, ಅಮ್ಮ ಓದಿದ ಕಾಲೇಜು, ಮೊಮ್ಮಗಳು ಬ್ಯಾಂಡಿನಲ್ಲಿ ಕಹಳೆ ಊದುವ ಕಾಲೇಜು, ಎಲ್ಲ ಒಂದೇ. ಆ ನಂಟು ಸ್ಟೇಡಿಯಂನಲ್ಲಿ ಕೂತಾಗ ನಮಗೂ ತಟ್ಟುತ್ತದೆ, ನಾವು ಅಲ್ಲಿ ಓದಿಲ್ಲದಿದ್ದರೂ.

ರೂಲ್ಸ್ ಏನೂ ಗೊತ್ತಿಲ್ಲ. ಪರವಾಗಿಲ್ವಾ?

ಖಂಡಿತ ಪರವಾಗಿಲ್ಲ. ಇಷ್ಟು ಸಾಕು: ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ, ಅದರ ಬೆನ್ನಿಗೇ ಒದೆಯುವ ಚೆಂಡಿಗೆ ಇನ್ನೊಂದು. ಕಂಬಗಳ ನಡುವೆ ಒದ್ದರೆ 3. ಉಳಿದದ್ದನ್ನು ಪಕ್ಕದ ಸೀಟಿನವರು ಸಂತೋಷದಿಂದ ಹೇಳಿಕೊಡುತ್ತಾರೆ. ಕೇಳಿ ನೋಡಿ.

ಜೀವನದಲ್ಲಿ ಒಂದೇ ಒಂದು ಸ್ಟೇಡಿಯಂ ಅಂದರೆ ಯಾವುದಕ್ಕೆ ಹೋಗಲಿ?

ಲೂಸಿಯಾನಾದ ಬ್ಯಾಟನ್ ರೂಜ್. ಎಲ್‌ಎಸ್‌ಯು ತಂಡದ ಟೈಗರ್ ಸ್ಟೇಡಿಯಂ. ಆದರೆ ರಾತ್ರಿ ಪಂದ್ಯಕ್ಕೇ ಹೋಗಬೇಕು. ಮಧ್ಯಾಹ್ನದ ಪಂದ್ಯವಾದರೆ ಅರ್ಧ ಮಜಾ ಹೋಯಿತು ಅಂತ ಅಲ್ಲಿನವರೇ ಹೇಳುತ್ತಾರೆ.

ಇದಕ್ಕೆ ಡೆತ್ ವ್ಯಾಲಿ ಅಂತ ಅಡ್ಡಹೆಸರು. 1,02,321 ಜನ ಕೂರುತ್ತಾರೆ. 1988ರ ಅಕ್ಟೋಬರ್ 8ರಂದು ಇಲ್ಲಿ ಆಬರ್ನ್ ವಿರುದ್ಧ ಪಂದ್ಯ. ಎಲ್‌ಎಸ್‌ಯು 6–0 ಹಿಂದಿತ್ತು, ಸಮಯ ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿತ್ತು, ನಾಲ್ಕನೇ ಪ್ರಯತ್ನ. ಟಾಮಿ ಹಾಡ್ಸನ್ ಎಸೆದ ಚೆಂಡನ್ನು ಎಡ್ಡಿ ಫುಲ್ಲರ್ ಹಿಡಿದ. ಇಡೀ ಸ್ಟೇಡಿಯಂ ಎದ್ದು ಕುಣಿಯಿತು. ಮಾರನೇ ದಿನ ನೋಡಿದರೆ, ಕಾಲೇಜಿನ ಭೂವಿಜ್ಞಾನ ವಿಭಾಗದ ಭೂಕಂಪ ಅಳೆಯುವ ಯಂತ್ರದಲ್ಲಿ ಆ ಕ್ಷಣಕ್ಕೆ ಸರಿಯಾಗಿ ಗೆರೆ ಅಲುಗಾಡಿದೆ! ಎಲ್‌ಎಸ್‌ಯು 7–6ರಿಂದ ಗೆದ್ದ ಆ ಪಂದ್ಯವನ್ನು ಇವತ್ತಿಗೂ ಭೂಕಂಪದ ಪಂದ್ಯ ಅಂತಲೇ ಕರೆಯುತ್ತಾರೆ.

ಸ್ಟೇಡಿಯಂ ಎದುರಿಗೇ ನಿಜವಾದ ಹುಲಿ ಇದೆ. ಹೆಸರು ಮೈಕ್. 1936ರಿಂದ ಒಂದರ ನಂತರ ಒಂದು ಹುಲಿಗೆ ಅದೇ ಹೆಸರು, ಈಗಿರುವುದು ಏಳನೆಯದು, 2017ರಲ್ಲಿ ಬಂದದ್ದು. ಮರ, ಬಂಡೆ, ನೀರಿನ ಹೊಂಡ ಎಲ್ಲ ಇರುವ ದೊಡ್ಡ ಆವರಣದಲ್ಲಿ ಮೈಕ್ ಇರುತ್ತಾನೆ. ಬೆಳಗ್ಗೆ ಹೋದರೆ ಗಾಜಿನ ಹತ್ತಿರ ಮಕ್ಕಳ ಸಾಲು ಕಮ್ಮಿ ಇರುತ್ತದೆ, ನಿಧಾನಕ್ಕೆ ನೋಡಬಹುದು. ಆಮೇಲೆ ವಿಕ್ಟರಿ ಹಿಲ್ ಅನ್ನುವ ಇಳಿಜಾರಿನ ಪಕ್ಕ ಜಾಗ ಹಿಡಿದುಕೊಳ್ಳಿ. ಬ್ಯಾಂಡ್ ಆ ಇಳಿಜಾರಿನ ಮೇಲೆ ಬಂದು ನಿಲ್ಲುತ್ತದೆ. ಸುತ್ತ ಸಾವಿರಾರು ಜನ ಒಂದು ಗಳಿಗೆ ಉಸಿರು ಹಿಡಿಯುತ್ತಾರೆ. ಮೊದಲ ನಾಲ್ಕು ಸ್ವರ ಬಂದ ಕೂಡಲೇ ಏಳುವ ಕೂಗು ಇದೆಯಲ್ಲ, ಪಂದ್ಯ ಶುರುವಾಗುವ ಮೊದಲೇ ನಿಮ್ಮ ಟಿಕೆಟ್ ದುಡ್ಡು ವಸೂಲಿ.

ಎಲ್ಲಕ್ಕಿಂತ ದೊಡ್ಡದು ಯಾವುದು? ಅದು ನೋಡೋದಕ್ಕೂ ಚೆನ್ನಾಗಿದೆಯಾ?

ಮಿಶಿಗನ್ ವಿಶ್ವವಿದ್ಯಾಲಯದ್ದು. ಆನ್ ಆರ್ಬರ್‌ನಲ್ಲಿದೆ, 1927ರಲ್ಲಿ ಶುರುವಾಯಿತು, ಎಲ್ಲರೂ ಬಿಗ್ ಹೌಸ್ ಅನ್ನುತ್ತಾರೆ. 1,07,601 ಸೀಟು. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ತುಂಬಿದಾಗ ಇರುವ ಜನಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. 2013ರಲ್ಲಿ ನೋಟರ್ ಡೇಮ್ ವಿರುದ್ಧದ ರಾತ್ರಿ ಪಂದ್ಯಕ್ಕೆ 1,15,109 ಜನ ಸೇರಿದ್ದರು.

ಹೊರಗಿನಿಂದ ನೋಡಿದರೆ 'ಇಷ್ಟೇನಾ' ಅನಿಸಬಹುದು. ಯಾಕೆಂದರೆ ಸ್ಟೇಡಿಯಂನ ಬಹುಭಾಗ ನೆಲದೊಳಗೆ ಇದೆ. ರಸ್ತೆಯ ಮಟ್ಟದಲ್ಲೇ ಗೇಟ್ ದಾಟಿ ಒಳಗೆ ಕಾಲಿಟ್ಟರೆ ಕಾಲ ಕೆಳಗೆ ಆ ದೊಡ್ಡ ಬಟ್ಟಲು ತೆರೆದುಕೊಳ್ಳುತ್ತದೆ, ಮೈದಾನ ಎಲ್ಲೋ ಆಳದಲ್ಲಿ. ಆ ಮೊದಲ ನೋಟಕ್ಕಾದರೂ ಹೋಗಬೇಕು. ಸೀಟಿನ ಲೆಕ್ಕದ ಕೊನೆಯಲ್ಲಿ ಯಾವಾಗಲೂ ಒಂದು 'ಒಂದು' ಇರುತ್ತದೆ, ಗಮನಿಸಿದಿರಾ? ಹಳೆಯ ಕೋಚ್ ಫ್ರಿಟ್ಜ್ ಕ್ರೈಸ್ಲರ್ ಗೌರವಕ್ಕೆ ಸೇರಿಸಿದ ಸೀಟು ಅದು. ಎಲ್ಲಿದೆ ಅಂತ ಯಾರಿಗೂ ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ ಸದ್ದಿನಲ್ಲಿ ಇದು ಮೊದಲನೆಯದಲ್ಲ. ಬಟ್ಟಲು ಅಗಲವಾಗಿರುವುದರಿಂದ ಕೂಗು ಆಕಾಶಕ್ಕೆ ಹೋಗುತ್ತದೆ. ಪಕ್ಕಗಳಲ್ಲಿ ಎತ್ತರದ ಕಟ್ಟಡ ಕಟ್ಟಿದ ಮೇಲೆ ಎಷ್ಟೋ ವಾಸಿ.

ಮಿಶಿಗನ್ನೋ, ಓಹಾಯೋ ಸ್ಟೇಟೋ?

ಈ ಪ್ರಶ್ನೆಯನ್ನು ಆ ಎರಡು ರಾಜ್ಯಗಳಲ್ಲಿ ಕೇಳಬೇಡಿ! ನನ್ನನ್ನು ಕೇಳಿದರೆ, ಕಟ್ಟಡಕ್ಕೆ ಮಿಶಿಗನ್, ಬ್ಯಾಂಡಿಗೆ ಓಹಾಯೋ.

ಕೊಲಂಬಸ್‌ನ ಓಹಾಯೋ ಸ್ಟೇಡಿಯಂ 1922ರದ್ದು. ಕುದುರೆ ಲಾಳದ ಆಕಾರ, ಹಾಗಾಗಿ ಹಾರ್ಸ್‌ಶೂ. ಅಲ್ಲಿ ಬ್ಯಾಂಡ್ ಮೈದಾನದ ಮೇಲೆ ನಡೆಯುತ್ತಾ ನಡೆಯುತ್ತಾ ಓಹಾಯೋ ಅಂತ ಇಂಗ್ಲಿಷಿನ ಕೂಡಕ್ಷರದಲ್ಲಿ ಬರೆಯುತ್ತದೆ. ಇದು 1936ರಿಂದ ನಡೆದುಬಂದ ಪದ್ಧತಿ. ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಹಾವಿನ ಹಾಗೆ ಸುತ್ತಿ, ಅಕ್ಷರದ ಮೇಲೆ ಅಕ್ಷರ ಮೂಡಿ, ಕೊನೆಗೆ i ಅಕ್ಷರದ ಮೇಲಿನ ಚುಕ್ಕೆ ಬಾಕಿ ಉಳಿಯುತ್ತದೆ. ಆಗ ಸೂಸಾಫೋನ್ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಹೊತ್ತ ಒಬ್ಬ ಹಿರಿಯ ವಿದ್ಯಾರ್ಥಿ ಸಾಲಿನಿಂದ ಹೊರಬಂದು, ಎದೆಯುಬ್ಬಿಸಿ, ಕಾಲನ್ನು ಎತ್ತೆತ್ತಿ ಹಾಕುತ್ತಾ ಆ ಜಾಗಕ್ಕೆ ಹೋಗಿ ನಿಂತು, ಟೋಪಿ ತೆಗೆದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಗ್ಗಿ ನಮಸ್ಕಾರ ಮಾಡುತ್ತಾರೆ. ಲಕ್ಷ ಜನರ ಚಪ್ಪಾಳೆ, ಅದೂ ಚುಕ್ಕೆ ಇಟ್ಟದ್ದಕ್ಕೆ. ನಾಲ್ಕು ವರ್ಷ ಬ್ಯಾಂಡಿನಲ್ಲಿ ಬೆವರು ಸುರಿಸಿದ ಮೇಲೆ ಸಿಗುವ ಗೌರವ ಅದು.

ಇನ್ನೊಂದು ಗುಟ್ಟು. ಪಂದ್ಯಕ್ಕೆ ಮುಂಚೆ ಪಕ್ಕದ ಸೇಂಟ್ ಜಾನ್ ಅರೀನಾದಲ್ಲಿ ಬ್ಯಾಂಡ್ ಅಭ್ಯಾಸ ಇರುತ್ತದೆ, ಸ್ಕಲ್ ಸೆಷನ್ ಅನ್ನುತ್ತಾರೆ. ಸ್ಟೇಡಿಯಂ ಟಿಕೆಟ್ ಸಿಗದಿದ್ದರೂ ಅಲ್ಲಿಗೆ ಹೋಗಿ ಬನ್ನಿ. ಒಳಾಂಗಣದಲ್ಲಿ ಅಷ್ಟು ದೊಡ್ಡ ಬ್ಯಾಂಡ್ ಕೇಳೋದೇ ಒಂದು ಅನುಭವ.

ಈ ಎರಡು ತಂಡಗಳ ನಡುವಿನ ಪಂದ್ಯ ನವೆಂಬರ್ ಕೊನೆಯ ಶನಿವಾರ ಇರುತ್ತದೆ. ಮೊದಲ ಸಲ ಹೋಗುವವರಿಗೆ ಅದು ಬೇಡ. ಟಿಕೆಟ್ ವಿಪರೀತ ದುಬಾರಿ, ಚಳಿಯೂ ಜಾಸ್ತಿ.

ಮಿಕ್ಕ ಲಕ್ಷದ ಸ್ಟೇಡಿಯಂಗಳಲ್ಲಿ ಯಾವುದು ಬಿಡಬಾರದು?

ಟೆಕ್ಸಸ್ ಎ ಅಂಡ್ ಎಂ ಕಾಲೇಜಿನ ಕೈಲ್ ಫೀಲ್ಡ್. ಹ್ಯೂಸ್ಟನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ಆಚೀಚೆ. ಇಲ್ಲಿ ವಿದ್ಯಾರ್ಥಿಗಳು ಇಡೀ ಪಂದ್ಯ ನಿಂತೇ ನೋಡುತ್ತಾರೆ, ಕೂರುವುದೇ ಇಲ್ಲ. ಇದರ ಹಿಂದೆ ಒಂದು ಕಥೆ ಇದೆ. 1922ರ ಜನವರಿಯಲ್ಲಿ ಡಾಲಸ್‌ನಲ್ಲಿ ಸೆಂಟರ್ ಕಾಲೇಜ್ ವಿರುದ್ಧ ಪಂದ್ಯ. ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಹೊರಗೆ ಬರುತ್ತಿದ್ದರು. ಪ್ರೇಕ್ಷಕರ ಜಾಗದಲ್ಲಿದ್ದ ಕಿಂಗ್ ಗಿಲ್ ಅನ್ನುವ ವಿದ್ಯಾರ್ಥಿಯನ್ನು ಕೋಚ್ ಕೆಳಗೆ ಕರೆಸಿ, ಸಮವಸ್ತ್ರ ಹಾಕಿಸಿ ನಿಲ್ಲಿಸಿದರು. ಆತ ಆಡುವ ಸಂದರ್ಭ ಬರಲಿಲ್ಲ. ತಂಡ 22–14ರಿಂದ ಗೆದ್ದಿತು. ಆದರೆ ಕೊನೆಯವರೆಗೂ ಸಿದ್ಧವಾಗಿ ನಿಂತಿದ್ದನಲ್ಲ, ಅದನ್ನೇ ಆ ಕಾಲೇಜು ಇವತ್ತಿಗೂ ನೆನೆಯುತ್ತದೆ. ಹನ್ನೆರಡನೇ ಆಟಗಾರ ಅಂದರೆ ಇವರಿಗೆ ಬರೀ ಮಾತಲ್ಲ.

ಸಾಧ್ಯವಾದರೆ ಶುಕ್ರವಾರವೇ ಹೋಗಿ. ತವರಿನ ಪಂದ್ಯದ ಹಿಂದಿನ ರಾತ್ರಿ ಹನ್ನೆರಡಕ್ಕೆ ಸ್ಟೇಡಿಯಂನಲ್ಲಿ ಮಿಡ್‌ನೈಟ್ ಯೆಲ್ ನಡೆಯುತ್ತದೆ. ಎದುರಾಳಿ ಇಲ್ಲ, ಆಟ ಇಲ್ಲ, ಬರೀ ಕೂಗು ಹಾಕುವ ಅಭ್ಯಾಸಕ್ಕೆ ಸಾವಿರಗಟ್ಟಲೆ ಜನ ಬರುತ್ತಾರೆ. ಟಿಕೆಟ್ ಬೇಕಿಲ್ಲ.

ಇನ್ನೊಂದು, ಟೆನೆಸಿಯ ನೇಲ್ಯಾಂಡ್ ಸ್ಟೇಡಿಯಂ. ನಾಕ್ಸ್‌ವಿಲ್ ಊರಲ್ಲಿ ನದಿ ದಂಡೆ ಮೇಲೆಯೇ ಇದೆ. 1962ರಲ್ಲಿ ಅಲ್ಲಿನ ರೇಡಿಯೋ ವೀಕ್ಷಕ ವಿವರಣೆಗಾರ ಜಾರ್ಜ್ ಮೂನಿ ಟ್ರಾಫಿಕ್ ಕಾಟ ತಪ್ಪಿಸಿಕೊಳ್ಳಲು ದೋಣಿಯಲ್ಲೇ ಪಂದ್ಯಕ್ಕೆ ಬಂದರು. ಈಗ ಕಿತ್ತಳೆ ಬಾವುಟ ಕಟ್ಟಿದ ದೋಣಿಗಳ ದೊಡ್ಡ ಸಾಲೇ ಬಂದು ನಿಲ್ಲುತ್ತದೆ. ನದಿ ಪಕ್ಕ ನಡೆದು ಹೋಗಿ, ದೋಣಿ ನೋಡಿಕೊಂಡು ಒಳಗೆ ಹೋಗಿ.

ಪೆನ್ ಸ್ಟೇಟ್ ಆದರೆ ವೈಟ್ ಔಟ್ ಪಂದ್ಯ, ವರ್ಷಕ್ಕೆ ಒಂದೇ, ಲಕ್ಷ ಜನವೂ ಬಿಳಿ ಬಟ್ಟೆ. ಟಿಕೆಟ್ ಸಿಕ್ಕರೆ ಬಿಡಬೇಡಿ. ಅಲ್ಲಿನ ಕಾಲೇಜು ಡೇರಿಯ ಐಸ್‌ಕ್ರೀಮನ್ನೂ.

ಮನಸ್ಸಿಗೆ ಹತ್ತಿರವಾದ ಸ್ಟೇಡಿಯಂ ಯಾವುದು?

ಐಯೊವಾ ಸಿಟಿಯ ಕಿನಿಕ್ ಸ್ಟೇಡಿಯಂ. ಯೋಚನೆಯೇ ಬೇಡ.

ಸ್ಟೇಡಿಯಂ ಪಕ್ಕದಲ್ಲೇ ಐಯೊವಾ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆ ಇದೆ. 2017ರಲ್ಲಿ ಆ ಹೊಸ ಕಟ್ಟಡ ತೆರೆಯಿತು, ಎತ್ತರದ್ದು, ಮೇಲಿನ ಮಹಡಿಗಳ ಕಿಟಕಿಯಿಂದ ಮೈದಾನ ಚೆನ್ನಾಗಿ ಕಾಣುತ್ತದೆ. ಪಂದ್ಯದ ದಿನ ಮಕ್ಕಳು, ಅಪ್ಪ ಅಮ್ಮಂದಿರು ಅಲ್ಲಿ ಕೂತು ಆಟ ನೋಡುತ್ತಾರೆ. ಅದೇ ವರ್ಷ ಒಬ್ಬ ಅಭಿಮಾನಿ ಫೇಸ್‌ಬುಕ್‌ನಲ್ಲಿ ಒಂದು ಸಲಹೆ ಕೊಟ್ಟರು. ಆಟದ ಮೊದಲ ಕ್ವಾರ್ಟರ್, ಅಂದರೆ ಕಾಲು ಭಾಗ, ಮುಗಿದಾಗ ಎಲ್ಲರೂ ತಿರುಗಿ ಆ ಮಕ್ಕಳಿಗೆ ಕೈ ಬೀಸೋಣ ಅಂತ. ಆವತ್ತಿನಿಂದ ಇವತ್ತಿನವರೆಗೆ ತವರಿನ ಪ್ರತಿ ಪಂದ್ಯದಲ್ಲೂ ಇದು ನಡೆಯುತ್ತಿದೆ. ಸುಮಾರು 69 ಸಾವಿರ ಜನ, ಎರಡೂ ತಂಡದ ಆಟಗಾರರು, ಕೋಚ್‌ಗಳು, ಅಂಪೈರ್‌ಗಳು, ಎಲ್ಲರೂ ಆಟಕ್ಕೆ ಬೆನ್ನು ಹಾಕಿ ಆ ಕಿಟಕಿಗಳ ಕಡೆ ಕೈ ಬೀಸುತ್ತಾರೆ. ರಾತ್ರಿ ಪಂದ್ಯವಾದರೆ ಮೊಬೈಲ್ ಟಾರ್ಚ್ ಹಚ್ಚುತ್ತಾರೆ. ಕಿಟಕಿಯಲ್ಲಿ ಸಣ್ಣ ಕೈಗಳು ಕಾಣುತ್ತವೆ, ಅವು ವಾಪಸ್ ಬೀಸುತ್ತವೆ.

ಎದುರಾಳಿ ತಂಡದ ಅಭಿಮಾನಿಗಳು ಕೂಡ ಹೀಗೆ ನಿಂತಿರುವುದನ್ನು ಕಂಡಾಗ ನನಗಂತೂ ಗಂಟಲು ಕಟ್ಟುತ್ತದೆ. ಆಟ ಅಂದರೆ ಏನು ಅಂತ ಮಗನಿಗೋ ಮಗಳಿಗೋ ತೋರಿಸಬೇಕು ಅಂತಿದ್ದರೆ ಇಲ್ಲಿಗೆ ಕರೆದುಕೊಂಡು ಹೋಗಿ. ಸ್ಟೇಡಿಯಂಗೆ ಹೆಸರು ಬಂದದ್ದು ನೈಲ್ ಕಿನಿಕ್ ಅವರಿಂದ. 1939ರಲ್ಲಿ ಹೈಸ್ಮನ್ ಪ್ರಶಸ್ತಿ (ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವುದು) ಗೆದ್ದ ಆಟಗಾರ, 1943ರಲ್ಲಿ ನೌಕಾಪಡೆಯ ತರಬೇತಿ ಹಾರಾಟದಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 24 ವರ್ಷ.

ಅಷ್ಟು ದೂರ ಹೋಗೋಕಾಗಲ್ಲ. ನಾವಿರುವ ಕಡೆಯೇ ಏನಾದರೂ ಇದೆಯಾ?

ಕನ್ನಡದವರು ಜಾಸ್ತಿ ಇರುವ ಊರುಗಳನ್ನೇ ಹಿಡಿದು ಹೇಳುತ್ತೇನೆ.

ಬೇ ಏರಿಯಾ: ಬರ್ಕ್ಲಿಯ ಮೆಮೋರಿಯಲ್ ಸ್ಟೇಡಿಯಂ. 1923ರದ್ದು, ಬೆಟ್ಟದ ಬುಡದಲ್ಲಿ, ಸರಿಯಾಗಿ ಹೇವರ್ಡ್ ಫಾಲ್ಟ್ ಮೇಲೆ. ಅಂದರೆ ಭೂಮಿಯ ಬಿರುಕು ಮೈದಾನದ ಕೆಳಗೇ ಹಾದು ಹೋಗಿದೆ. 2012ರಲ್ಲಿ ಮುಗಿದ ದುರಸ್ತಿಯಲ್ಲಿ, ಬಿರುಕಿನ ಮೇಲಿರುವ ಭಾಗಗಳನ್ನು ಪ್ರತ್ಯೇಕ ತುಂಡುಗಳಾಗಿ ಕಟ್ಟಿದ್ದಾರೆ, ನೆಲ ಸರಿದರೆ ಅವು ತಮ್ಮಷ್ಟಕ್ಕೆ ಸರಿಯಲಿ ಅಂತ. ಮೇಲಿನ ಸೀಟಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಕಾಣುತ್ತದೆ. ದುಡ್ಡು ಕೊಡಲು ಇಷ್ಟವಿಲ್ಲದವರಿಗೆ ಪಕ್ಕದ ಗುಡ್ಡ ಇದೆ, ಟೈಟ್‌ವಾಡ್ ಹಿಲ್. ಹತ್ತಿ ಕೂತರೆ ಪಂದ್ಯ ಪುಕ್ಕಟೆ! ಇದೇ ಮೈದಾನದಲ್ಲಿ 1982ರ ನವೆಂಬರ್ 20ರಂದು ಸ್ಟ್ಯಾನ್‌ಫರ್ಡ್ ಬ್ಯಾಂಡಿನವರು ಪಂದ್ಯ ಮುಗಿಯಿತು ಅಂದುಕೊಂಡು ಒಳಗೆ ನುಗ್ಗಿದರು. ಬರ್ಕ್ಲಿ ಹುಡುಗರು ಚೆಂಡನ್ನು ಕೈಯಿಂದ ಕೈಗೆ ಐದು ಸಲ ದಾಟಿಸಿ, ಬ್ಯಾಂಡಿನ ನಡುವೆಯೇ ಓಡಿ, ಕೊನೆಗೆ ಒಬ್ಬ ಟ್ರೊಂಬೋನ್ ವಾದಕನಿಗೆ ಢಿಕ್ಕಿ ಹೊಡೆದು ಟಚ್‌ಡೌನ್ ಮಾಡಿದರು. 25–20. ವಿಡಿಯೋ ನೋಡಿಕೊಂಡೇ ಹೋಗಿ.

ಸಿಯಾಟಲ್: ಹಸ್ಕಿ ಸ್ಟೇಡಿಯಂ, ವಾಷಿಂಗ್ಟನ್ ಸರೋವರದ ದಂಡೆಯಲ್ಲಿ. ಇಲ್ಲೂ ಜನ ದೋಣಿಯಲ್ಲಿ ಬರುತ್ತಾರೆ. ಲೈಟ್ ರೈಲ್ ನಿಲ್ದಾಣ ಸ್ಟೇಡಿಯಂ ಪಕ್ಕದಲ್ಲೇ ಇರುವುದರಿಂದ ಪಾರ್ಕಿಂಗ್ ಚಿಂತೆ ಇಲ್ಲ. ಎರಡು ಕಡೆಯ ಮಾಡು ಸದ್ದನ್ನು ಹಿಡಿದು ಒಳಗೇ ತಿರುಗಿಸುತ್ತದೆ, ಕಿವಿಗೆ ಹತ್ತಿ ಇಟ್ಟುಕೊಂಡು ಹೋದರೂ ತಪ್ಪಿಲ್ಲ. ನೋಟದ ಮಟ್ಟಿಗೆ ದೇಶದಲ್ಲೇ ಇದಕ್ಕೆ ಸಾಟಿ ಕಡಿಮೆ.

ನ್ಯೂ ಜೆರ್ಸಿ: ಎಡಿಸನ್ ಸುತ್ತಮುತ್ತ ಇರುವವರಿಗೆ ರಟ್ಗರ್ಸ್ ಪಕ್ಕದಲ್ಲೇ ಇದೆ. ಸ್ಟೇಡಿಯಂ ಪಿಸ್ಕ್ಯಾಟವೇ ಊರಲ್ಲಿ. ಮೊಟ್ಟಮೊದಲ ಕಾಲೇಜ್ ಫುಟ್‌ಬಾಲ್ ಪಂದ್ಯ ನಡೆದದ್ದು ಪಕ್ಕದ ನ್ಯೂ ಬ್ರನ್ಸ್‌ವಿಕ್‌ನಲ್ಲಿ, 1869ರ ನವೆಂಬರ್ 6ರಂದು. ರಟ್ಗರ್ಸ್ 6, ಪ್ರಿನ್ಸ್‌ಟನ್ 4. ಆಗ ಒಂದೊಂದು ಕಡೆ 25 ಜನ ಆಡುತ್ತಿದ್ದರು.

ಅಟ್ಲಾಂಟಾ: ಜಾರ್ಜಿಯಾ ಟೆಕ್ ಮೈದಾನದಲ್ಲಿ 1913ರಿಂದ ಆಟ ನಡೆಯುತ್ತಿದೆ, ಸುತ್ತ ಎತ್ತರದ ಕಟ್ಟಡಗಳು, ಮಾರ್ಟಾ ರೈಲಿನಲ್ಲಿ ಇಳಿದು ನಡೆದುಹೋಗಬಹುದು. 1916ರಲ್ಲಿ ಕಂಬರ್ಲ್ಯಾಂಡ್ ತಂಡವನ್ನು 222–0 ಅಂತರದಲ್ಲಿ ಸೋಲಿಸಿದ್ದು ಇಲ್ಲೇ. ಕಾರಿನಲ್ಲಿ ಹೋಗಲು ತಯಾರಿದ್ದರೆ ಅದೇ ರಾಜ್ಯದ ಅಥೆನ್ಸ್ ಊರಲ್ಲಿರುವ ಜಾರ್ಜಿಯಾ ವಿಶ್ವವಿದ್ಯಾಲಯದ ಸ್ಯಾನ್‌ಫರ್ಡ್ ಸ್ಟೇಡಿಯಂ ಇನ್ನೂ ಚೆಂದ. ಮೈದಾನದ ಸುತ್ತ ಬೇಲಿ ಗಿಡ. ತಂಡದ ಲಾಂಛನವಾದ ಬುಲ್‌ಡಾಗ್ ನಾಯಿಗಳು ತೀರಿಕೊಂಡ ಮೇಲೆ ಅವುಗಳ ಸಮಾಧಿ ಸ್ಟೇಡಿಯಂ ಒಳಗೇ ಇದೆ.

ಡಾಲಸ್: ಅಕ್ಟೋಬರ್‌ನಲ್ಲಿ ಕಾಟನ್ ಬೌಲ್‌ನಲ್ಲಿ ನಡೆಯುವ ಟೆಕ್ಸಸ್–ಓಕ್ಲಹಾಮಾ ಪಂದ್ಯ. ಐವತ್ತನೇ ಗಜದ ಗೆರೆಯಿಂದ ಆ ಕಡೆ ಪೂರ್ತಿ ಕೆಂಪು, ಈ ಕಡೆ ಪೂರ್ತಿ ಕಿತ್ತಳೆ. ಸ್ಟೇಡಿಯಂ ಸುತ್ತ ಟೆಕ್ಸಸ್ ರಾಜ್ಯದ ಜಾತ್ರೆ ನಡೆಯುತ್ತಿರುತ್ತದೆ. 55 ಅಡಿ ಎತ್ತರದ ಬಿಗ್ ಟೆಕ್ಸ್ ಗೊಂಬೆ, ಜೈಂಟ್ ವೀಲ್, ಎಣ್ಣೆಯಲ್ಲಿ ಕರಿದ ತಿಂಡಿಗಳು. ಮಕ್ಕಳಿಗೆ ಹಬ್ಬವೋ ಹಬ್ಬ. ಕಾರು ಬಿಟ್ಟು ಡಾರ್ಟ್ ರೈಲಿನಲ್ಲಿ ಹೋಗಿ.

ಲಾಸ್ ಏಂಜಲಿಸ್: ರೋಸ್ ಬೌಲ್. 1922ರದ್ದು. ಸಂಜೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು ನೇರಳೆಯಾಗುವ ಹೊತ್ತಿಗೆ ಅವುಗಳ ಕಡೆ ಮುಖ ಮಾಡಿ ಕೂತಿರಬೇಕು.

ಟೈಲ್‌ಗೇಟ್ ಅಂದರೆ ಏನು? ಕರೆಯದೇ ಹೋಗಬಹುದಾ?

ಪಂದ್ಯಕ್ಕೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಟೆಂಟ್ ಹಾಕಿ, ಒಲೆ ಹಚ್ಚಿ, ಊಟ ಮಾಡಿ, ಹರಟೆ ಹೊಡೆಯುವುದು. ಕಾರಿನ ಹಿಂದಿನ ಬಾಗಿಲು ತೆಗೆದು ಅಲ್ಲೇ ಬಡಿಸುವುದರಿಂದ ಈ ಹೆಸರು. ಕರೆಯದೇ ಯಾರ ಟೆಂಟಿಗೂ ನುಗ್ಗಬೇಡಿ. ಆದರೆ ಸುಮ್ನೆ ನಡೆದುಕೊಂಡು ಹೋಗುತ್ತಾ 'ಮೊದಲ ಸಲ ಬಂದಿದ್ದೇವೆ' ಅಂತ ಹೇಳಿ ನೋಡಿ. ದಕ್ಷಿಣದ ರಾಜ್ಯಗಳಲ್ಲಿ ತಟ್ಟೆ ಕೈಗೆ ಬಂದೇ ಬರುತ್ತದೆ. ಬ್ಯಾಟನ್ ರೂಜ್‌ನಲ್ಲಿ ದೊಡ್ಡ ಹಂಡೆಗಳಲ್ಲಿ ಜಂಬಲಾಯ ಅನ್ನುವ ಅಲ್ಲಿನ ಅನ್ನದ ಅಡುಗೆ ಬೇಯುತ್ತಿರುತ್ತದೆ.

ಟೈಲ್‌ಗೇಟ್‌ಗೇ ಅಂತ ಒಂದು ಊರಿಗೆ ಹೋಗಬೇಕು ಅಂದರೆ ಮಿಸಿಸಿಪ್ಪಿಯ ಆಕ್ಸ್‌ಫರ್ಡ್. ಓಲ್ ಮಿಸ್ ಕಾಲೇಜಿನ ನಡುವೆ ಹತ್ತು ಎಕರೆಯ ತೋಪು ಇದೆ, ದಿ ಗ್ರೋವ್. ಓಕ್, ಎಲ್ಮ್, ಮ್ಯಾಗ್ನೋಲಿಯಾ ಮರಗಳ ಕೆಳಗೆ ಟೆಂಟ್ ಪಕ್ಕ ಟೆಂಟ್. ಟೆಂಟಿನೊಳಗೆ ತೂಗುದೀಪ, ಬಿಳಿ ಮೇಜುಬಟ್ಟೆ, ಬೆಳ್ಳಿ ತಟ್ಟೆ. ಹೆಂಗಸರು, ಗಂಡಸರು ಮದುವೆ ಮನೆಗೆ ಬಂದ ಹಾಗೆ ಅಲಂಕಾರ ಮಾಡಿಕೊಂಡು ಬಂದಿರುತ್ತಾರೆ. ಆಟಗಾರರು ಆ ಜನರ ನಡುವೆಯೇ ನಡೆದು ಸ್ಟೇಡಿಯಂಗೆ ಹೋಗುತ್ತಾರೆ.

ನೀವೇ ಟೈಲ್‌ಗೇಟ್ ಮಾಡುವುದಾದರೆ ಪುಳಿಯೋಗರೆ ಒಯ್ಯಿರಿ. ಕೆಡಲ್ಲ, ಬಿಸಿ ಮಾಡಬೇಕಿಲ್ಲ, ಪಕ್ಕದ ಟೆಂಟಿನವರಿಗೆ ಒಂದು ಚಮಚ ಕೊಟ್ಟರೆ ಗೆಳೆತನ ಶುರು.

ನಾವು ಸಸ್ಯಾಹಾರಿಗಳು. ಸ್ಟೇಡಿಯಂ ಒಳಗೆ ಏನು ಸಿಗುತ್ತೆ?

ಚೀಸ್ ಪಿಜ್ಜಾ, ನಾಚೋಸ್, ಪ್ರೆಟ್ಜಲ್, ಪಾಪ್‌ಕಾರ್ನ್, ಫ್ರೆಂಚ್ ಫ್ರೈಸ್. ಅಷ್ಟೇ ಅಂದುಕೊಂಡು ಹೋಗಿ. ಹೊರಗಿನ ಊಟ ಬಹಳ ಕಡೆ ಒಳಗೆ ಬಿಡಲ್ಲ. ಹೊಟ್ಟೆ ತುಂಬ ತಿಂದೇ ಗೇಟ್ ದಾಟಿ.

ಟಿಕೆಟ್ ಯಾವಾಗ ತೆಗೆದುಕೊಳ್ಳಬೇಕು?

ಯಾವ ಪಂದ್ಯ ಅನ್ನೋದರ ಮೇಲೆ ನಿಂತಿದೆ. ಸೆಪ್ಟೆಂಬರ್‌ನಲ್ಲಿ ದೊಡ್ಡ ತಂಡಗಳು ಸಣ್ಣ ಕಾಲೇಜುಗಳ ಜೊತೆ ಆಡುತ್ತವೆ. ಫಲಿತಾಂಶ ಮೊದಲೇ ಗೊತ್ತಿರುವುದರಿಂದ ಸೀಸನ್ ಟಿಕೆಟ್ ಇದ್ದವರು ಅವನ್ನು ಮಾರಿಬಿಡುತ್ತಾರೆ. ಸ್ಟಬ್‌ಹಬ್, ಸೀಟ್‌ಗೀಕ್ ಥರದ ವೆಬ್‌ಸೈಟ್‌ಗಳಲ್ಲಿ ಪಂದ್ಯದ ದಿನ ಹತ್ತಿರ ಬಂದಂತೆ ರೇಟು ಇಳಿಯುತ್ತದೆ. ಮೊದಲ ಸಲ ಹೋಗುವವರಿಗೆ ಇದೇ ಸರಿ ಅನ್ನುತ್ತೇನೆ. ಬ್ಯಾಂಡ್ ಅದೇ, ಟೈಲ್‌ಗೇಟ್ ಅದೇ, ಸ್ಟೇಡಿಯಂ ಅದೇ, ದುಡ್ಡು ಮಾತ್ರ ಕಡಿಮೆ. ಸಾಂಪ್ರದಾಯಿಕ ಎದುರಾಳಿಗಳ ಪಂದ್ಯಕ್ಕೆ ಈ ಉಪಾಯ ನಡೆಯಲ್ಲ, ಬೇಗನೇ ತೆಗೆದುಕೊಳ್ಳಿ.

ಟಿಕೆಟ್ ಎಲ್ಲ ಈಗ ಫೋನಿನಲ್ಲಿ. ಲಕ್ಷ ಜನ ಸೇರಿದ ಕಡೆ ನೆಟ್‌ವರ್ಕ್ ಕೈ ಕೊಡುತ್ತದೆ, ಹಾಗಾಗಿ ಮನೆಯಲ್ಲೇ ವಾಲೆಟ್‌ಗೆ ಇಳಿಸಿಕೊಂಡಿರಿ. ಗೇಟಿನ ಹತ್ತಿರ ಕೈಯಲ್ಲಿ ಕಾಗದದ ಟಿಕೆಟ್ ಹಿಡಿದು ಮಾರುವವರ ಹತ್ತಿರ ಹೋಗಲೇಬೇಡಿ. ಇನ್ನೊಂದು ವಿಷಯ, ಹಲವು ಪಂದ್ಯಗಳ ಸಮಯವನ್ನು ಟಿವಿಯವರು ಒಂದೆರಡು ವಾರ ಮುಂಚೆಯಷ್ಟೇ ಹೇಳುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೂ ಇರಬಹುದು, ರಾತ್ರಿ ಏಳೂವರೆಗೂ ಇರಬಹುದು. ಶನಿವಾರ ರಾತ್ರಿಯ ವಿಮಾನ ಬುಕ್ ಮಾಡಬೇಡಿ. ಕನ್ನಡ ಕೂಟದ ದೀಪಾವಳಿ ಕಾರ್ಯಕ್ರಮವೂ ಇದೇ ಶನಿವಾರಗಳಲ್ಲಿ ಬರುತ್ತದೆ, ಅದನ್ನೂ ನೋಡಿಕೊಳ್ಳಿ.

ಎಲ್ಲಿ ಕೂತರೆ ಒಳ್ಳೆಯದು?

ಮೇಲಿನ ಸೀಟು ಕೀಳು ಅಂದುಕೊಳ್ಳಬೇಡಿ. ಈ ಆಟದಲ್ಲಿ ಎತ್ತರದಿಂದಲೇ ತಂತ್ರ ಕಾಣುವುದು, ಬ್ಯಾಂಡಿನ ಅಕ್ಷರಗಳೂ ಆಗಲೇ ಓದಲು ಬರುವುದು. ಪಂದ್ಯ ಮಧ್ಯಾಹ್ನದ್ದಾದರೆ ಪಶ್ಚಿಮದ ಕಡೆ ಕೂರಿ, ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ವಿದ್ಯಾರ್ಥಿಗಳ ಪಕ್ಕ ಕೂತರೆ ನೀವೂ ನಿಲ್ಲಬೇಕಾಗುತ್ತದೆ. ಮುಖ್ಯವಾಗಿ, ಬಹಳಷ್ಟು ಕಡೆ ಬೆನ್ನಿಗೆ ಆಸರೆ ಇಲ್ಲದ ಅಲ್ಯುಮಿನಿಯಂ ಬೆಂಚುಗಳು. ಗೇಟಿನಲ್ಲೇ ಮಡಚುವ ಸೀಟು ಬಾಡಿಗೆಗೆ ಸಿಗುತ್ತವೆ, ಆ ದುಡ್ಡು ಉಳಿಸಲು ಹೋಗಬೇಡಿ.

ಬ್ಯಾಗ್ ಒಯ್ಯಬಹುದಾ?

ಹೆಚ್ಚಿನ ಕಡೆ ಪಾರದರ್ಶಕ ಪ್ಲಾಸ್ಟಿಕ್ ಬ್ಯಾಗ್ ಮಾತ್ರ, 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲದ ಒಳಗೆ. ಕೆಲವು ಕಡೆ ಬ್ಯಾಗೇ ಬಿಡಲ್ಲ. ಕೊಡೆಯೂ ಬಿಡಲ್ಲ, ಮಳೆ ಇದ್ದರೆ ರೇನ್‌ಕೋಟ್ ಹಾಕಿಕೊಂಡು ಹೋಗಿ. ಹೊರಡುವ ಮುಂಚೆ ಆ ಸ್ಟೇಡಿಯಂನ ವೆಬ್‌ಸೈಟ್ ಒಮ್ಮೆ ನೋಡಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕರ್ಕೊಂಡು ಹೋಗಬಹುದಾ?

ಹೋಗಬಹುದು, ಹೋಗಲೇಬೇಕು. ಬೇಸಿಗೆಯಲ್ಲಿ ಬಂದವರು ದಸರಾವರೆಗೂ ಇರುತ್ತಾರೆ, ಅಷ್ಟರಲ್ಲಿ ಸೀಸನ್ ಶುರುವಾಗಿರುತ್ತದೆ. ಆದರೆ ಮೆಟ್ಟಿಲು ಜಾಸ್ತಿ, ನಡಿಗೆ ಜಾಸ್ತಿ. ಮಂಡಿ ನೋವಿದ್ದರೆ ಟಿಕೆಟ್ ತೆಗೆಯುವಾಗಲೇ ಮೆಟ್ಟಿಲಿಲ್ಲದ ಸಾಲು ನೋಡಿ. ಮಿಶಿಗನ್ ಥರ ಮೇಲಿನಿಂದ ಒಳಗೆ ಹೋಗುವ ಸ್ಟೇಡಿಯಂನಲ್ಲಿ ಮೇಲಿನ ಸಾಲಿನ ಸೀಟು ತೆಗೆದರೆ ಇಳಿಯುವ ಕಷ್ಟವೇ ಇಲ್ಲ. ಆಟ ಅರ್ಥವಾಗದಿದ್ದರೆ ಬೇಜಾರಾಗುತ್ತೆ ಅಂತ ಹೆದರಬೇಡಿ. ವಿರಾಮದಲ್ಲಿ ಬ್ಯಾಂಡ್ ಇರುತ್ತದೆ, ಜನ ನೋಡಲು ಸಿಗುತ್ತಾರೆ. ಸುಸ್ತಾದರೆ ವಿರಾಮದ ನಂತರ ಹೊರಟುಬಿಡಿ. ಬಿಸಿ ನೀರು ಕೇಳಿದರೆ ಅಂಗಡಿಯವರು ಕೊಡುತ್ತಾರೆ.

ಹಳೆಯದು, ಚರಿತ್ರೆ ಇರುವುದು ಬೇಕು ಅಂದರೆ?

ಬಾಸ್ಟನ್ ಹತ್ತಿರದ ಹಾರ್ವರ್ಡ್ ಸ್ಟೇಡಿಯಂ, 1903ರದ್ದು. ಈ ಆಟ ಇವತ್ತು ಹೀಗಿರಲು ಆ ಕಟ್ಟಡವೂ ಒಂದು ಕಾರಣ. ಆಗೆಲ್ಲ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಗುಂಪುಗುಂಪಾಗಿ ನುಗ್ಗುವುದೇ ಆಟ. ಹುಡುಗರು ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಕರೆಸಿ ಮಾತಾಡುವ ಮಟ್ಟಕ್ಕೆ ಹೋಯಿತು. ಮೈದಾನ ಅಗಲ ಮಾಡಿದರೆ ಓಡಲು ಜಾಗ ಸಿಗುತ್ತದೆ ಅನ್ನುವ ಸಲಹೆ ಬಂತು. ಆದರೆ ಹಾರ್ವರ್ಡ್ ಆಗಷ್ಟೇ ಕಾಂಕ್ರೀಟಿನಲ್ಲಿ ಕಟ್ಟಿ ಮುಗಿಸಿತ್ತು, ಅಗಲ ಮಾಡುವ ಹಾಗಿರಲಿಲ್ಲ. ಆ ದಾರಿ ಮುಚ್ಚಿದ ಮೇಲೆ 1906ರಲ್ಲಿ ಚೆಂಡು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಇವತ್ತು ನಾವು ಉಸಿರು ಬಿಗಿಹಿಡಿದು ನೋಡುವ ಉದ್ದುದ್ದ ಪಾಸ್‌ಗಳು ಬಂದದ್ದು ಹಾಗೆ.

ನ್ಯೂ ಹೇವನ್‌ನ ಯೇಲ್ ಬೌಲ್ 1914ರದ್ದು, ಬಟ್ಟಲಿನ ಆಕಾರದ ಮೊದಲ ಸ್ಟೇಡಿಯಂ. ರೋಸ್ ಬೌಲ್, ಮಿಶಿಗನ್ ಎಲ್ಲ ಇದನ್ನು ನೋಡಿಯೇ ಆದವು. ಹಾರ್ವರ್ಡ್–ಯೇಲ್ ಪಂದ್ಯ ನವೆಂಬರ್‌ನಲ್ಲಿ, ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ.

ಸೀಸನ್ ಇಲ್ಲದಾಗ ಹೋದರೆ ಏನಾದರೂ ನೋಡಬಹುದಾ?

ಬಹಳಷ್ಟು ಕಡೆ ಸ್ಟೇಡಿಯಂ ಟೂರ್ ಇರುತ್ತದೆ. ನೋಟರ್ ಡೇಮ್ ಕ್ಯಾಂಪಸ್‌ಗೆ ಯಾವಾಗ ಹೋದರೂ ಚೆಂದ. ಚಿನ್ನದ ಗೋಪುರ, ಗ್ರಂಥಾಲಯದ ಗೋಡೆ ಮೇಲೆ ಎರಡೂ ಕೈ ಎತ್ತಿ ನಿಂತ ಯೇಸುವಿನ ದೊಡ್ಡ ಚಿತ್ರ. ಅಂಪೈರ್ ಟಚ್‌ಡೌನ್ ಅಂತ ಕೈ ಎತ್ತುವುದೂ ಹಾಗೇ, ಅದಕ್ಕೇ ಜನ ಅದನ್ನು ಟಚ್‌ಡೌನ್ ಜೀಸಸ್ ಅನ್ನುತ್ತಾರೆ. ಬ್ಯಾಟನ್ ರೂಜ್‌ನ ಹುಲಿಯನ್ನು ನೋಡಲೂ ಪಂದ್ಯವೇ ಇರಬೇಕಿಲ್ಲ.

ಯಾವಾಗ ಕೂಗಬೇಕು, ಯಾವಾಗ ಸುಮ್ಮನಿರಬೇಕು?

ಎದುರಾಳಿಯ ಕೈಯಲ್ಲಿ ಚೆಂಡು ಇದ್ದಾಗ ಗಂಟಲು ಹರಿಯುವ ಹಾಗೆ ಕೂಗಿ. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವ ಆಟಗಾರ, ಹೇಳುವ ಮಾತು ಅವರ ತಂಡಕ್ಕೆ ಕೇಳಬಾರದು. ನಮ್ಮ ತಂಡದ ಕೈಗೆ ಬಂದಾಗ ಸದ್ದು ಇಳಿಸಿ. ಇದೊಂದು ಗೊತ್ತಿದ್ದರೆ ಯಾರೂ ನಿಮ್ಮನ್ನು ಹೊಸಬರು ಅನ್ನಲ್ಲ. ಬಟ್ಟೆ ತವರಿನ ತಂಡದ ಬಣ್ಣದ್ದಿರಲಿ. ಎದುರಾಳಿಯ ಬಣ್ಣ ಯಾವುದು ಅಂತ ಮೊದಲೇ ನೋಡಿಕೊಂಡು ಅದನ್ನು ಮನೆಯಲ್ಲೇ ಬಿಡಿ.

ಪಂದ್ಯ ಮುಗಿದ ಕೂಡಲೇ ಹೊರಡಬೇಕಾ? ಟ್ರಾಫಿಕ್ ಭಯ.

ಬೇಡ. ಪಾರ್ಕಿಂಗ್‌ನಲ್ಲಿ ಒಂದು ಗಂಟೆ ಎಂಜಿನ್ ಆನ್ ಮಾಡಿ ಕೂರುವ ಬದಲು ಸೀಟಿನಲ್ಲೇ ಕೂತಿರಿ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಇದನ್ನೇ ಪದ್ಧತಿ ಮಾಡಿಕೊಂಡಿದ್ದಾರೆ. ಕ್ಯಾಂಪ್ ರ‍್ಯಾಂಡಲ್ ಸ್ಟೇಡಿಯಂನಲ್ಲಿ ಪಂದ್ಯ ಮುಗಿದ ಮೇಲೆ ಬ್ಯಾಂಡ್ ಮೈದಾನಕ್ಕೆ ಇಳಿಯುತ್ತದೆ, ತಂಡ ಗೆದ್ದರೂ ಸೋತರೂ. ಅದನ್ನು ಐದನೇ ಕ್ವಾರ್ಟರ್ ಅನ್ನುತ್ತಾರೆ. ಹುಡುಗರು ವಾದ್ಯ ನುಡಿಸುತ್ತಾ ಓಡುತ್ತಾರೆ, ಕುಣಿಯುತ್ತಾರೆ, ಟೋಪಿ ಹಿಂದುಮುಂದಾಗಿ ಹಾಕಿಕೊಳ್ಳುತ್ತಾರೆ, ಜನರೂ ನಿಂತು ಹಾಡುತ್ತಾರೆ. ಅಲ್ಲಿ ಮೂರನೇ ಮತ್ತು ನಾಲ್ಕನೇ ಕ್ವಾರ್ಟರ್ ನಡುವೆಯೂ ಸೀಟಿನಲ್ಲೇ ಇರಿ. 1998ರಿಂದ ಆ ಹೊತ್ತಿಗೆ ಒಂದು ಹಾಡು ಹಾಕುತ್ತಾರೆ, ಇಡೀ ಸ್ಟೇಡಿಯಂ ಜಿಗಿಯುತ್ತದೆ, ಕಾಲ ಕೆಳಗಿನ ಕಾಂಕ್ರೀಟ್ ಅದುರುವುದು ಗೊತ್ತಾಗುತ್ತದೆ. ಅಕ್ಟೋಬರ್ ಕೊನೆಯ ಮೇಲೆ ಹೋಗುವುದಾದರೆ ಕೈಗವಸು, ಉಣ್ಣೆಯ ಟೋಪಿ, ಎರಡು ಜೊತೆ ಸಾಕ್ಸ್ ಇರಲಿ. ಕಾರನ್ನು ಸ್ಟೇಡಿಯಂನಿಂದ ಒಂದು ಮೈಲಿ ದೂರದಲ್ಲಿ, ಮನೆಗೆ ಹೋಗುವ ದಾರಿಯ ಕಡೆ ಮುಖ ಮಾಡಿ ನಿಲ್ಲಿಸಿ.